‘ರಾಶಿ’ ಎಷ್ಟು ಅಂತ ಎಐ ಏಜೆಂಟನ್ನು ಕೇಳಿದಾಗ

ನಮ್ಮ ಭಾವ ಚೇಣಿ ವ್ಯಾಪಾರ ಮಾಡ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯ ತೋಟಗಳ ಅಡಿಕೆಯನ್ನು ಮರದಲ್ಲಿರುವಾಗಲೇ ಮಾತಾಡಿ ಹಿಡಿಯೋದು, ಕೊನೆ (ಗೊನೆ) ತೆಗೆಸೋದು, ಸುಲಿಸಿ ಬೇಯಿಸಿ ಒಣಗಿಸಿ ಶಿವಮೊಗ್ಗದ ಮಂಡಿಗೆ ಹಾಕೋದು. ಲೆಕ್ಕವೆಲ್ಲ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ನೋಟ್‌ಬುಕ್‌ಗಳಲ್ಲಿ. ಹೋದ ಮಳೆಗಾಲದಲ್ಲಿ ನನಗೆ ಕೈಯಲ್ಲಿ ಕೆಲಸ ಕಡಿಮೆ ಇತ್ತು. ಆ ನೋಟ್‌ಬುಕ್‌ಗಳನ್ನು ಕೂತು ಟೈಪ್ ಮಾಡಿ ಒಂದು ಡೇಟಾಬೇಸ್‌ಗೆ ಹಾಕಿದೆ. ಅದರ ಮೇಲೆ ಒಂದು ಎಐ ಏಜೆಂಟ್ ಕೂರಿಸಿದೆ. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅದೇ ಡೇಟಾಬೇಸ್ ಹುಡುಕಿ ಉತ್ತರ ಹೇಳಬೇಕು. ಅಷ್ಟೇ ಆಸೆ.

ಭಾವನ ಎದುರಿಗೆ ಮೊದಲ ಪ್ರಶ್ನೆ ಕೇಳಿದೆ. ಇಂಥ ಖರೀದಿದಾರರಿಗೆ ಹೋದ ಲಾಟುಗಳು ಯಾವ ಯಾವ ತೋಟದವು? ಏಜೆಂಟ್ ಸ್ವಲ್ಪವೂ ತಡೆಯಲಿಲ್ಲ. ‘ಫಾರ್ಮರ್ಸ್’ ಅನ್ನೋ ಟೇಬಲ್‌ನಲ್ಲಿ ಹುಡುಕಲು ಹೋಯಿತು. ಅಂಥ ಟೇಬಲ್ ಇಲ್ಲ ಅಂತ ಎರರ್ ಬಂತು. ಆಮೇಲೆ ‘ಸೇಲ್ಸ್’. ಅದೂ ಇಲ್ಲ. ಆಮೇಲೆ ‘ಟ್ರಾನ್ಸಾಕ್ಷನ್ಸ್’. ಮೂರನೇ ಸಲ ಎರರ್ ಬಂದಾಗ ಭಾವ ಕವಳದ ತಟ್ಟೆ ಹತ್ತಿರ ಎಳೆದುಕೊಂಡರು.

“ಎಂತ ಮಾರಾಯ, ಒಳಗೆ ಏನಿದೆ ಅಂತಾನೇ ಅದಕ್ಕೆ ಗೊತ್ತಿಲ್ವಾ?”

“ನಾನು ಹೇಳಿಲ್ಲ ಭಾವ.”

“ಹೊಸ ಕೊನೆಗಾರ ಬಂದ್ರೆ ಮೊದ್ಲು ತೋಟ ಒಂದು ಸುತ್ತು ಹಾಕಿಸ್ತೀವಿ. ನೀನು ಇದನ್ನ ಸೀದಾ ಮರ ಹತ್ತಿಸಿದೀಯ.”

ತಪ್ಪು ಪೂರ್ತಿ ನನ್ನದೇ. ತೋಟ ಸುತ್ತಿಸುವ ಉಪಕರಣ ಇದ್ದೇ ಇತ್ತು. ಇದೆಂಥ ಕೆಲಸಕ್ಕೆ ಅಂತ ನಾನು ಅದನ್ನು ಆನ್ ಮಾಡಿರಲಿಲ್ಲ. ನೋಡಿದರೆ ಅದು ಮಾಡುವ ಕೆಲಸ ತೀರಾ ಸಪ್ಪೆ. ಡೇಟಾಬೇಸ್‌ನಲ್ಲಿ ಯಾವ ಯಾವ ಗ್ರಾಫ್‌ಗಳಿವೆ ಅಂತ ಪಟ್ಟಿ ಕೊಡುತ್ತದೆ, ಅಷ್ಟೇ. ಅದು ಯಾಕೆ ಸಪ್ಪೆಯಲ್ಲ ಅಂತ ಹೇಳೋದಕ್ಕೇ ಈ ಲೇಖನ.

ಮೊದಲು ಗ್ರಾಫ್ ಅಂದ್ರೆ ಏನು ಅಂತ ನೋಡೋಣ. ಶಾಲೆಯಲ್ಲಿ ಚೌಕದ ಹಾಳೆ ಮೇಲೆ ಬಿಡಿಸಿದ ಗ್ರಾಫ್ ಅಲ್ಲ ಇದು. ಸಾಗರದ ಕಡೆಯವರಿಗೆ ಸಿಗಂದೂರು ದಾರಿ ಗೊತ್ತಲ್ವಾ? ಈ ಕಡೆ ಅಂಬಾರಗೋಡ್ಲು, ಆ ಕಡೆ ಕಳಸವಳ್ಳಿ, ಮಧ್ಯೆ ಶರಾವತಿ ಹಿನ್ನೀರು. ಈ ಎರಡು ಊರು ಎರಡು ನೋಡ್. ಅವುಗಳ ಮಧ್ಯೆ ಓಡಾಡುತ್ತಿದ್ದ ಲಾಂಚ್ ಒಂದು ಕೊಂಡಿ, ಇಂಗ್ಲಿಷಿನವರ ಎಡ್ಜ್. ಕೊಂಡಿಗೂ ಅದರದ್ದೇ ಗುಣಗಳಿರುತ್ತವೆ. ಲಾಂಚ್ ರಾತ್ರಿ ಓಡುತ್ತಿರಲಿಲ್ಲ, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸಿಕೊಳ್ಳುತ್ತಿರಲಿಲ್ಲ. ಈ ಗುಣಗಳೇ ಪ್ರಾಪರ್ಟಿಗಳು. ನೋಡ್, ಕೊಂಡಿ, ಎರಡಕ್ಕೂ ಅಂಟಿಸಿದ ಪ್ರಾಪರ್ಟಿ, ಇದು ಯಾವ ಬಗೆಯದು ಅಂತ ಹೇಳುವ ಲೇಬಲ್, ಎಲ್ಲ ಸೇರಿದರೆ ಪ್ರಾಪರ್ಟಿ ಗ್ರಾಫ್. 2025ರ ಜುಲೈನಲ್ಲಿ ಅಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಶುರುವಾಯಿತು. ಎರಡೂ ಊರು ಇದ್ದಲ್ಲೇ ಇವೆ. ಬದಲಾಗಿದ್ದು ಕೊಂಡಿ ಒಂದೇ. ಅಷ್ಟಕ್ಕೇ ಆ ಕಡೆಯ ತುಮರಿಯವರಿಗೆ ಸಾಗರದ ಆಸ್ಪತ್ರೆ ಎಷ್ಟು ದೂರ ಅನ್ನೋ ಲೆಕ್ಕವೇ ಬೇರೆಯಾಯಿತು.

ಸಾಮಾನ್ಯ ಟೇಬಲ್‌ನಲ್ಲಿ ಊರಿನ ಪಟ್ಟಿ ಒಂದು ಕಡೆ, ದಾರಿಯ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಪ್ರತಿ ಸಲ ಹೊಲಿಯಬೇಕು. ಒಂದೆರಡು ಹೊಲಿಗೆ ಆದರೆ ಪರವಾಗಿಲ್ಲ. ತೋಟದಿಂದ ಲಾಟು, ಲಾಟಿನಿಂದ ಮಂಡಿ, ಮಂಡಿಯಿಂದ ಖರೀದಿದಾರ, ಅಲ್ಲಿಂದ ಇನ್ನೊಬ್ಬ ಖರೀದಿದಾರ ಅಂತ ಐದಾರು ಹೆಜ್ಜೆ ಹೋಗಬೇಕಾದರೆ ಟೇಬಲ್‌ಗಳಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬರೆಯುವವನಿಗೂ ತಲೆ ತಿರುಗುತ್ತದೆ. ಗ್ರಾಫ್‌ನಲ್ಲಿ ‘ಈ ನೋಡ್‌ನಿಂದ ಈ ಕೊಂಡಿ ಹಿಡಿದು ಹೋಗು’ ಅಂತ ಸುಮ್ನೆ ದಾರಿ ಹೇಳಿದರೆ ಆಯಿತು.

ಈ ದಾರಿ ಹೇಳುವುದಕ್ಕೆ ಈಗ ಒಪ್ಪಿತ ಭಾಷೆಯೂ ಇದೆ. 2023ರಲ್ಲಿ ಎಸ್‌ಕ್ಯೂಎಲ್ ಮಾನದಂಡಕ್ಕೇ ಪ್ರಾಪರ್ಟಿ ಗ್ರಾಫ್‌ನ ಭಾಗ ಸೇರಿತು. 2024ರ ಏಪ್ರಿಲ್‌ನಲ್ಲಿ ಐಎಸ್‌ಓ ಸಂಸ್ಥೆ ಜಿಕ್ಯೂಎಲ್ ಅನ್ನೋ ಪ್ರತ್ಯೇಕ ಗ್ರಾಫ್ ಭಾಷೆಯ ಮಾನದಂಡ ಪ್ರಕಟಿಸಿತು. ಅದೇ ವರ್ಷ ಗೂಗಲ್ ತನ್ನ ಸ್ಪ್ಯಾನರ್ ಡೇಟಾಬೇಸ್‌ಗೆ ಗ್ರಾಫ್ ಸೌಲಭ್ಯ ತಂದಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ಪ್ಯಾನರ್‌ನಲ್ಲಿ ಗ್ರಾಫ್ ಮಾಡಲು ಡೇಟಾವನ್ನು ಬೇರೆ ಕಡೆ ನಕಲು ಮಾಡುವುದಿಲ್ಲ. ಟೇಬಲ್‌ಗಳು ಇದ್ದಲ್ಲೇ ಇರುತ್ತವೆ. ಈ ಟೇಬಲ್ ನೋಡ್‌ಗಳದ್ದು, ಈ ಟೇಬಲ್ ಕೊಂಡಿಗಳದ್ದು, ಕೊಂಡಿ ಹೊರಡುವ ತುದಿ ಇಲ್ಲಿ, ಸೇರುವ ತುದಿ ಅಲ್ಲಿ ಅಂತ ಒಂದು ಘೋಷಣೆ ಬರೆದರೆ ಸಾಕು. ತೋಟ ಅದೇ, ಮೇಲೆ ಒಂದು ನಕ್ಷೆ ಬರೆದ ಹಾಗೆ.

ಘೋಷಣೆ ಬರೆದ ಮೇಲೆ ಅದು ಡೇಟಾಬೇಸ್‌ನ ಒಳಗಿನ ಕ್ಯಾಟಲಾಗ್‌ನಲ್ಲಿ ದಾಖಲಾಗುತ್ತದೆ. ಇನ್ಫರ್ಮೇಶನ್ ಸ್ಕೀಮಾ ಅಂತ ಕರೆಯುತ್ತಾರೆ. ಡೇಟಾಬೇಸ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ರಿಜಿಸ್ಟರ್ ಅನ್ನಿ. ಅದರಲ್ಲಿ ಪ್ರಾಪರ್ಟಿ ಗ್ರಾಫ್‌ಗಳಿಗೇ ಒಂದು ಪುಟವಿದೆ. ಪಟ್ಟಿ ಮಾಡುವ ಉಪಕರಣ ಆ ಪುಟವನ್ನು ಓದಿ ಏಜೆಂಟ್‌ಗೆ ಕೊಡುತ್ತದೆ. ಒಂದು ಹಿಡಿ ಅಡಿಕೆಯನ್ನೂ ಮುಟ್ಟುವುದಿಲ್ಲ. ಯಾರು ಯಾರಿಗೆ ಎಷ್ಟು ಮಾರಿದರು ಅಂತ ಹೇಳುವುದಿಲ್ಲ. ಮಾರಾಟ ಅನ್ನೋ ಕೊಂಡಿ ಇದೆ, ಅದು ಲಾಟಿನಿಂದ ಹೊರಟು ಖರೀದಿದಾರನಿಗೆ ಹೋಗುತ್ತದೆ, ಅದಕ್ಕೆ ದರ, ದಿನಾಂಕ ಅಂತ ಎರಡು ಗುಣ ಇವೆ. ಹೇಳೋದು ಇಷ್ಟೇ.

ಗೂಗಲ್‌ನ ಎಂಸಿಪಿ ಟೂಲ್‌ಬಾಕ್ಸ್ ಫಾರ್ ಡೇಟಾಬೇಸಸ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಇಂಥದೊಂದು ಉಪಕರಣ ಇದೆ. ಹೆಸರು ‘ಸ್ಪ್ಯಾನರ್ ಲಿಸ್ಟ್ ಗ್ರಾಫ್ಸ್’. ಎಂಸಿಪಿ ಅಂದ್ರೆ ಏಜೆಂಟ್‌ನ ಒಳಗಿರುವ ಎಐ ಮಾಡೆಲ್‌ಗೂ ಹೊರಗಿನ ಉಪಕರಣಗಳಿಗೂ ಮಾತುಕತೆ ಹೇಗೆ ನಡೆಯಬೇಕು ಅನ್ನೋ ನಿಯಮ. ಆಂಥ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಅದನ್ನು ಹೊರತಂದಿತು. ಈಗ ಬಹಳ ಕಂಪನಿಗಳು ಅದನ್ನೇ ಬಳಸುತ್ತಿವೆ.

ಉಪಕರಣಕ್ಕೆ ಎರಡೇ ಎರಡು ಮಾತು ಹೇಳಬಹುದು. ಯಾವ ಗ್ರಾಫ್‌ಗಳು ಬೇಕು ಅನ್ನೋದು ಒಂದು. ಹೆಸರುಗಳ ಮಧ್ಯೆ ಅಲ್ಪವಿರಾಮ ಹಾಕಿ ಕೊಡಬೇಕು, ಖಾಲಿ ಬಿಟ್ಟರೆ ಎಲ್ಲವೂ ಬರುತ್ತವೆ. ಚುಟುಕಾಗಿ ಬೇಕೋ ವಿವರವಾಗಿ ಬೇಕೋ ಅನ್ನೋದು ಇನ್ನೊಂದು. ಚುಟುಕು ಅಂದರೆ ಬರೀ ಹೆಸರು. ವಿವರ ಅಂದರೆ ನೋಡ್ ಟೇಬಲ್‌ಗಳು, ಕೊಂಡಿ ಟೇಬಲ್‌ಗಳು, ಲೇಬಲ್‌ಗಳು, ಪ್ರತಿ ಪ್ರಾಪರ್ಟಿಯ ಹೆಸರು ಮತ್ತು ಅದು ಅಕ್ಷರವೋ ಅಂಕಿಯೋ ಅನ್ನೋ ಮಾಹಿತಿ, ಎಲ್ಲ ಬರುತ್ತದೆ.

ಈ ಕೊನೆಯದನ್ನು, ಅಕ್ಷರವೋ ಅಂಕಿಯೋ ಅನ್ನೋದನ್ನು, ನಾನು ಮೊದಲು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದೇ ನನ್ನ ಮಾನ ತೆಗೆದದ್ದು.

ಪಟ್ಟಿ ಉಪಕರಣ ಆನ್ ಮಾಡಿದ ಮೇಲೆ ಏಜೆಂಟ್ ಇಲ್ಲದ ಟೇಬಲ್ ಹುಡುಕುವುದನ್ನು ನಿಲ್ಲಿಸಿತು. ಮೊದಲು ಪಟ್ಟಿ ಕೇಳಿತು, ಆಮೇಲೆ ಸರಿಯಾದ ಕೊಂಡಿ ಹಿಡಿದು ಹೋಯಿತು. ಮೊದಲಿನ ಪ್ರಶ್ನೆಗೆ ಉತ್ತರ ಬಂತು. ಭಾವ ನೋಟ್‌ಬುಕ್ ತೆಗೆದು ಹೋಲಿಸಿದರು, ಸರಿಯಿತ್ತು. ನನಗೂ ಸ್ವಲ್ಪ ಹುಮ್ಮಸ್ಸು ಬಂತು. “ಈಗ ನೀವೇ ಕೇಳಿ ಭಾವ” ಅಂದೆ. ಅವರು ಕೇಳಿದ್ದು ಇಷ್ಟು: ಹೊಸನಗರದ ತೋಟಗಳಿಂದ ರಾಶಿ ಎಷ್ಟು ಬಂದಿದೆ?

ಏಜೆಂಟ್ ಹೊಸನಗರದ ಎಲ್ಲ ಅಡಿಕೆಯನ್ನೂ ಕೂಡಿಸಿ ಒಂದು ಮೊತ್ತ ಹೇಳಿತು. ಬೆಟ್ಟೆ, ಗೊರಬಲು, ಸರಕು, ಒಂದನ್ನೂ ಬಿಡಲಿಲ್ಲ.

ಶಿವಮೊಗ್ಗದ ಪೇಪರ್‌ನಲ್ಲಿ ದಿನಾ ಅಡಿಕೆ ಧಾರಣೆ ನೋಡುವವರಿಗೆ ಇಲ್ಲಿ ಏನಾಯಿತು ಅಂತ ತಕ್ಷಣ ಗೊತ್ತಾಗುತ್ತದೆ. ರಾಶಿ ಅಂದರೆ ಅಡಿಕೆಯ ಒಂದು ದರ್ಜೆ. ಸರಕು, ಬೆಟ್ಟೆ, ಗೊರಬಲು ಇದ್ದ ಹಾಗೆ. ಆದರೆ ನಿಘಂಟಿನ ಕನ್ನಡದಲ್ಲಿ ರಾಶಿ ಅಂದರೆ ಗುಡ್ಡೆ. ಪಂಚಾಂಗದಲ್ಲಿ ಮೇಷ, ವೃಷಭ. ನಮ್ಮ ಕಡೆಯ ಹವ್ಯಕರ ಮನೆಯಲ್ಲಿ ‘ರಾಶಿ’ ಅಂದರೆ ಬಹಳ. ಏಜೆಂಟ್ ಗುಡ್ಡೆ ಅಂತ ತಿಳಿದು ಇದ್ದದ್ದೆಲ್ಲ ಗುಡ್ಡೆ ಹಾಕಿತು. ಪುಣ್ಯಕ್ಕೆ ಜಾತಕ ನೋಡಲಿಲ್ಲ. ಮಂಡಿ ಅಂದರೆ ಮೊಣಕಾಲು ಅಂತಲೂ ಅರ್ಥ ಇದೆ, ಅಲ್ಲೂ ಬಚಾವಾದೆವು.

ಇದು ಪಟ್ಟಿಯ ತಪ್ಪಾ? ಅಲ್ಲ. ಎರಡು ಕಡೆ ನನ್ನ ತಪ್ಪು. ಒಂದು, ಪಟ್ಟಿ ದೊಡ್ಡದಾಗದಿರಲಿ ಅಂತ ನಾನು ಚುಟುಕು ರೂಪ ಇಟ್ಟಿದ್ದೆ. ಗ್ರಾಫ್‌ನ ಹೆಸರು ಬಿಟ್ಟರೆ ಟೇಬಲ್‌ಗಳ ಹೆಸರನ್ನಷ್ಟೇ ನಾನೇ ಸೂಚನೆಯಲ್ಲಿ ಬರೆದು ಕೊಟ್ಟಿದ್ದೆ. ವಿವರ ರೂಪ ಇದ್ದಿದ್ದರೆ ಲಾಟಿನ ನೋಡ್‌ಗೆ ತೂಕ ಅನ್ನೋ ಅಂಕಿಯ ಗುಣ ಒಂದು, ಬಗೆ ಅನ್ನೋ ಅಕ್ಷರದ ಗುಣ ಇನ್ನೊಂದು ಇದೆ ಅಂತ ಏಜೆಂಟ್‌ಗೆ ಕಾಣುತ್ತಿತ್ತು. ಎರಡು, ಆ ಎರಡನೇ ಗುಣಕ್ಕೆ ನಾನು ಇಟ್ಟಿದ್ದ ಹೆಸರು ಬರೀ ‘ಬಗೆ’. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಪದ ಅದು. ಏನಿನ ಬಗೆ? ಮರದ್ದಾ, ಚೀಲದ್ದಾ? ಬರೆಯುವಾಗ ನನಗೆ ಗೊತ್ತಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆ.

ಇದುವರೆಗೆ ಟೇಬಲ್‌ಗೆ ಹೆಸರಿಡುವುದು ಪ್ರೋಗ್ರಾಮರ್‌ಗಳ ಮನೆಯೊಳಗಿನ ವಿಚಾರವಾಗಿತ್ತು. ‘ಟಿಬಿಎಲ್ 2 ನ್ಯೂ ಫೈನಲ್’ ಅಂತ ಇಟ್ಟರೂ ನಡೆಯುತ್ತಿತ್ತು. ಪಕ್ಕದ ಸೀಟಿನವನನ್ನು ಕೇಳಿದರೆ ಅದು ಏನು ಅಂತ ಹೇಳುತ್ತಿದ್ದ. ಏಜೆಂಟ್‌ಗೆ ಪಕ್ಕದ ಸೀಟು ಇಲ್ಲ. ಪಟ್ಟಿಯಲ್ಲಿ ಬಂದ ಹೆಸರೇ ಅದಕ್ಕೆ ಸರ್ವಸ್ವ. ಹೆಸರಿನಿಂದ ಅರ್ಥ ಊಹಿಸುತ್ತದೆ, ಊಹೆ ತಪ್ಪಾದರೂ ದನಿ ಗಟ್ಟಿಯಾಗೇ ಇರುತ್ತದೆ. ಮೊದಲಿನ ಎರರ್‌ಗಳು ನನಗೆ ಎಷ್ಟೋ ವಾಸಿ ಅನ್ನಿಸಿದ್ದು ಇದಕ್ಕೇ. ಎರರ್ ಬಂದರೆ ತಪ್ಪಾಯಿತು ಅಂತ ಗೊತ್ತಾಗುತ್ತದೆ. ರಾಶಿಯ ಮೊತ್ತ ಬಂದಾಗ ಭಾವ ಪಕ್ಕದಲ್ಲಿ ಇಲ್ಲದಿದ್ದರೆ ನಾನು ನಂಬಿಬಿಡುತ್ತಿದ್ದೆ.

ಹಾಗಾದರೆ ಯಾವಾಗಲೂ ವಿವರ ಪಟ್ಟಿಯನ್ನೇ ಕೊಟ್ಟರೆ ಆಯಿತಲ್ಲ? ನನ್ನಂಥ ನಾಲ್ಕು ಟೇಬಲ್‌ನವರಿಗೆ ಸರಿ. ದೊಡ್ಡ ಬ್ಯಾಂಕಿನಲ್ಲಿ ನೂರಾರು ಟೇಬಲ್ ಇರುತ್ತವೆ. ಪೂರ್ತಿ ವಿವರ ಪ್ರತಿ ಸಲ ಮಾಡೆಲ್‌ನ ಮುಂದೆ ಸುರಿದರೆ ಟೋಕನ್ (ಮಾಡೆಲ್ ಓದುವ ಪದದ ತುಣುಕು) ಖರ್ಚು ಏರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೇಡದ್ದು ಜಾಸ್ತಿ ಆದಷ್ಟೂ ಬೇಕಾದ್ದರ ಮೇಲೆ ಅದರ ಗಮನ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಚುಟುಕು ಪಟ್ಟಿ ಕೇಳಿ, ಬೇಕಾದ ಗ್ರಾಫ್ ಯಾವುದು ಅಂತ ಆರಿಸಿ, ಅದೊಂದರ ವಿವರ ಮಾತ್ರ ತರಿಸಿಕೊಳ್ಳುವುದು ಸರಿಯಾದ ಕ್ರಮ. ಉಪಕರಣಕ್ಕೆ ಎರಡು ರೂಪ ಇರುವುದೇ ಇದಕ್ಕೆ. ನಾನು ಮೊದಲ ಹೆಜ್ಜೆ ಇಟ್ಟು ಎರಡನೆಯದನ್ನು ಬಿಟ್ಟಿದ್ದೆ.

ಎಲ್ಲ ಡೇಟಾಬೇಸ್‌ಗಳಲ್ಲೂ ಈ ಕೆಲಸ ಇಷ್ಟು ಸಲೀಸಲ್ಲ. ನಿಯೋ4ಜೆ ಥರದ ಹಳೆಯ ಗ್ರಾಫ್ ಡೇಟಾಬೇಸ್‌ಗಳಲ್ಲಿ ಮೊದಲೇ ಘೋಷಣೆ ಬರೆಯಬೇಕೆಂದಿಲ್ಲ, ಡೇಟಾ ಹಾಕುತ್ತಾ ಹಾಕುತ್ತಾ ಲೇಬಲ್ ಅಂಟಿಸಬಹುದು. ಅಲ್ಲಿ ಪಟ್ಟಿ ಬೇಕೆಂದರೆ ಒಳಗಿರುವ ಡೇಟಾವನ್ನೇ ನೋಡಿ ರೂಪ ಹೀಗಿರಬೇಕು ಅಂತ ಕಟ್ಟಬೇಕು. ಸ್ವಾತಂತ್ರ್ಯ ಜಾಸ್ತಿ, ಖಾತ್ರಿ ಕಡಿಮೆ. ಏಜೆಂಟ್‌ಗಳ ಕಾಲದಲ್ಲಿ ಘೋಷಣೆಯ ದಾರಿಗೇ ಬೆಲೆ ಜಾಸ್ತಿಯಾಗುತ್ತದೆ ಅನ್ನೋದು ನನ್ನ ಅಂದಾಜು.

ಇನ್ನೊಂದು ಎಚ್ಚರಿಕೆ. ಪಟ್ಟಿಯಲ್ಲಿ ಡೇಟಾ ಇಲ್ಲ, ಹಾಗಾಗಿ ಯಾರಿಗೆ ತೋರಿಸಿದರೂ ತೊಂದರೆಯಿಲ್ಲ ಅಂತ ಕೆಲವರು ಅಂದುಕೊಂಡಿರುತ್ತಾರೆ. ಗೂಗಲ್‌ನ ದಾಖಲೆಗಳಲ್ಲಿ ಉದಾಹರಣೆಗೆ ಕೊಡುವ ಗ್ರಾಫ್‌ನ ಹೆಸರು ಫಿನ್‌ಗ್ರಾಫ್. ಅದರಲ್ಲಿ ವ್ಯಕ್ತಿ ಮತ್ತು ಖಾತೆ ನೋಡ್‌ಗಳು. ಒಡೆತನ ಮತ್ತು ಹಣ ವರ್ಗಾವಣೆ ಕೊಂಡಿಗಳು. ಖಾತೆಯಿಂದ ಖಾತೆಗೆ ಹೋದ ಹಣ ಸುತ್ತಿ ಬಳಸಿ ಮತ್ತೆ ಮೊದಲಿನವನ ಹತ್ತಿರವೇ ಬಂತಾ ಅಂತ ಹುಡುಕಲು ಅದು ಚೆನ್ನಾಗಿದೆ. ಈಗ ಒಂದು ಸೊಸೈಟಿಯ ಗ್ರಾಫ್‌ನಲ್ಲಿ ‘ಅನುಮಾನದ ಸದಸ್ಯ’ ಅನ್ನೋ ಲೇಬಲ್ ಇದೆ ಅಂತಿಟ್ಟುಕೊಳ್ಳಿ. ಒಂದೂ ಹೆಸರು ಕಾಣದಿದ್ದರೂ, ಈ ಸೊಸೈಟಿ ಅಂಥದೊಂದು ಪಟ್ಟಿ ಇಟ್ಟಿದೆ ಅನ್ನೋ ಗುಟ್ಟು ಹೊರಬಿತ್ತು. ಗೇಟಿನ ಹೊರಗೆ ನಿಂತವನಿಗೆ ಮನೆಯಲ್ಲಿ ಎಷ್ಟು ಕೋಣೆ, ತಿಜೋರಿ ಯಾವ ಕೋಣೆಯಲ್ಲಿ ಅಂತ ಹೇಳಿದ ಹಾಗಾಯಿತು. ಸಾರ್ವಜನಿಕರ ಜತೆ ಮಾತಾಡುವ ಏಜೆಂಟ್‌ಗೆ ಕೊಡುವ ಲಾಗಿನ್ ಬೇರೆ ಇರಬೇಕು, ಅದಕ್ಕೆ ಕಾಣುವ ಗ್ರಾಫ್ ಬೇರೆ ಇರಬೇಕು. ಪಟ್ಟಿ ಉಪಕರಣ ಓದುತ್ತದೆಯೇ ಹೊರತು ಏನನ್ನೂ ಬದಲಾಯಿಸುವುದಿಲ್ಲ ಅನ್ನೋದು ಸಮಾಧಾನ, ಆದರೆ ಅರ್ಧ ಸಮಾಧಾನ.

ನನ್ನನ್ನು ಜಾಸ್ತಿ ಕಾಡಿದ ವಿಷಯ ಇದ್ಯಾವುದೂ ಅಲ್ಲ. ಪಟ್ಟಿಯಲ್ಲಿ ಇಲ್ಲದ್ದು ಏನಾಗುತ್ತದೆ ಅನ್ನೋದು.

ಅಡಿಕೆ ಲೆಕ್ಕ ಒಂದು ಹದಕ್ಕೆ ಬಂದ ಮೇಲೆ ಗ್ರಾಫ್‌ಗೆ ಜಮೀನನ್ನೂ ಸೇರಿಸಿದೆ. ಚೇಣಿ ಹಿಡಿಯುವಾಗ ತೋಟ ಯಾರದು ಅಂತ ನೋಡಬೇಕಲ್ಲ. ಜಮೀನು ಒಂದು ನೋಡ್, ವ್ಯಕ್ತಿ ಒಂದು ನೋಡ್, ಮಧ್ಯೆ ‘ಮಾಲೀಕ’ ಅನ್ನೋ ಕೊಂಡಿ. ಪಹಣಿ ನೋಡಿ ತುಂಬಿಸಿದೆ. ಸುಲಭದ ಕೆಲಸ ಅಂದುಕೊಂಡಿದ್ದೆ.

ಮೊದಲ ತೋಟದ ಪಹಣಿ ತೀರಿಕೊಂಡ ಅಜ್ಜನ ಹೆಸರಲ್ಲಿತ್ತು. ಪೌತಿ ಖಾತೆ ಆಗಿಲ್ಲ. ಮೂವರು ಗಂಡುಮಕ್ಕಳು ಬಾಯಿಮಾತಿನಲ್ಲಿ ಹಿಸ್ಸೆ ಮಾಡಿಕೊಂಡು ಬೇರೆ ಬೇರೆ ಕೊಯ್ಯುತ್ತಾರೆ. ಏಜೆಂಟ್ ಹತ್ತಿರ ಈ ತೋಟ ಯಾರದು ಅಂದರೆ ಅಜ್ಜನ ಹೆಸರು ಹೇಳುತ್ತದೆ. ಭಾವ ದುಡ್ಡು ಕೊಡುವುದು ನಡುವಿನ ಮಗನಿಗೆ. ಎರಡನೇ ಕಡೆ ತೋಟದ ಪಕ್ಕದ ಎರಡು ಎಕರೆ ಬಗರ್‌ಹುಕುಂ. ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅಲ್ಲಿ ಗಿಡಗಳು ಫಸಲು ಬಿಡುತ್ತಿವೆ, ಅಡಿಕೆ ಮಂಡಿಗೂ ಹೋಗಿದೆ, ನನ್ನ ಗ್ರಾಫ್‌ನಲ್ಲಿ ಮಾತ್ರ ಆ ಮನೆಯವರಿಗೂ ಆ ನೆಲಕ್ಕೂ ಸಂಬಂಧವೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹೊಳೆಬದಿಯ ಊರುಗಳು ಮುಳುಗಿದವು. ಎದ್ದು ಬಂದು ಕಾಡಂಚಿನಲ್ಲಿ ಕೂತ ಎಷ್ಟೋ ಮನೆಗಳ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಅವರ ಬಗ್ಗೆ ಯಾವ ಕೊಂಡಿ ಬರೆಯುವುದು?

ಸೊಪ್ಪಿನಬೆಟ್ಟ ಇನ್ನೂ ತಮಾಷೆ. ಅಡಿಕೆ ತೋಟಕ್ಕೆ ಸೊಪ್ಪು, ದರಗು (ಒಣಗಿದ ಎಲೆ) ಬೇಕು. ಅದಕ್ಕೆ ತೋಟದ ಮಗ್ಗುಲಿಗೆ ಬೆಟ್ಟ ಇರುತ್ತದೆ. ಸೊಪ್ಪು ಕಡಿಯುವ, ದರಗು ಗುಡಿಸುವ ಹಕ್ಕು ತೋಟದವರದು, ನೆಲ ಅವರದಲ್ಲ. ನನ್ನ ಗ್ರಾಫ್‌ನಲ್ಲಿದ್ದದ್ದು ‘ಮಾಲೀಕ’ ಒಂದೇ ಕೊಂಡಿ. ಹಾಗಾಗಿ ಬೆಟ್ಟವನ್ನು ಸೇರಿಸಿರಲಿಲ್ಲ. ಭಾವ ಒಂದು ದಿನ ಕೇಳಿದರು: ಈ ತೋಟಕ್ಕೆ ಬೆಟ್ಟ ಎಷ್ಟಿದೆ? ಏಜೆಂಟ್ ಪಟ್ಟಿ ತರಿಸಿಕೊಂಡು ನೋಡಿ, ‘ಈ ತೋಟಕ್ಕೆ ಬೆಟ್ಟ ಇಲ್ಲ’ ಅಂದಿತು. ‘ನನ್ನ ಹತ್ತಿರ ಬೆಟ್ಟದ ಮಾಹಿತಿ ಇಲ್ಲ’ ಅನ್ನಲಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಬೆಟ್ಟದ ಗಡಿಗಾಗಿ ಕೋರ್ಟಿಗೆ ಅಲೆದವರನ್ನು ಕೇಳಬೇಕು.

ಪಟ್ಟಿ ಉಪಕರಣ ಇಲ್ಲಿ ಸುಳ್ಳು ಹೇಳಿಲ್ಲ. ಘೋಷಣೆಯಲ್ಲಿ ಇದ್ದದ್ದನ್ನು ಇದ್ದಂತೆ ಕೊಟ್ಟಿದೆ. ಘೋಷಣೆ ಬರೆದವನು ಬಿಟ್ಟದ್ದನ್ನು ಏಜೆಂಟ್ ಲೋಕದಲ್ಲೇ ಇಲ್ಲ ಅಂತ ತಿಳಿಯಿತು. ನಮ್ಮ ಮನೆಯ ಆಟಕ್ಕೆ ಇದು ನಗೆಯ ವಿಷಯ. ರೈತರ ನೋಂದಣಿ, ಪಹಣಿ, ಸೊಸೈಟಿ ಸಾಲ, ಬೆಳೆ ವಿಮೆ, ಇವೆಲ್ಲ ಈಗಾಗಲೇ ಕಂಪ್ಯೂಟರ್‌ನಲ್ಲಿವೆ. ನಾಳೆ ಇವುಗಳ ಮೇಲೆ ಏಜೆಂಟ್ ಕೂತು ಪರಿಹಾರಕ್ಕೆ ಯಾರು ಅರ್ಹರು ಅಂತ ಹೇಳಲು ಶುರುಮಾಡಿದರೆ, ಕೊಂಡಿಗಳ ಪಟ್ಟಿಯಲ್ಲಿ ‘ಮಾಲೀಕ’ ಮಾತ್ರ ಇದೆಯಾ, ‘ಸಾಗುವಳಿದಾರ’ನೂ ಇದ್ದಾನಾ ಅನ್ನೋದು ಪ್ರೋಗ್ರಾಮರ್‌ನ ಮನೆಯೊಳಗಿನ ವಿಚಾರ ಆಗಿ ಉಳಿಯುವುದಿಲ್ಲ. ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಬೇಕಾದ ಪಟ್ಟಿ ಅದು. ಹಿಂದೆ ಜಮೀನು ಅಳೆದು ಕಂದಾಯ ನಿಗದಿ ಮಾಡಿದ ಸೆಟಲ್‌ಮೆಂಟ್ ಕಾಲದಲ್ಲಿ ಯಾವ ಕಾಲಂ ಇಡಬೇಕು ಅಂತ ಯಾರೋ ಕೂತು ತೀರ್ಮಾನಿಸಿದ್ದು ಇವತ್ತಿಗೂ ಪಹಣಿಯಲ್ಲಿ ನಮ್ಮನ್ನು ಆಳುತ್ತಿಲ್ವಾ?

ನನ್ನ ಮಟ್ಟಿಗೆ ಮಾಡಿದ್ದು ಮೂರು ಕೆಲಸ. ‘ಬಗೆ’ಯನ್ನು ಅಡಿಕೆ ದರ್ಜೆ ಅಂತ ಬದಲಾಯಿಸಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವವು ದರ್ಜೆಯ ಹೆಸರುಗಳು ಅಂತ ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ ಬರೆದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ‘ಇಲ್ಲ’ ಅನ್ನಬೇಡ, ‘ಈ ಗ್ರಾಫ್‌ನಲ್ಲಿ ದಾಖಲಾಗಿಲ್ಲ’ ಅನ್ನು ಅಂತಲೂ ಸೇರಿಸಿದೆ. ಹತ್ತರಲ್ಲಿ ಒಂಬತ್ತು ಸಲ ಕೇಳುತ್ತದೆ.

ಬೆಟ್ಟವನ್ನೂ ನೋಡ್ ಆಗಿ ಹಾಕಿದ್ದಾಯಿತು. ತೋಟದಿಂದ ಬೆಟ್ಟಕ್ಕೆ ಹೋಗುವ ಕೊಂಡಿಗೆ ಏನು ಹೆಸರಿಡುವುದು ಅನ್ನೋದು ಮಾತ್ರ ಬಾಕಿ. ‘ಹಕ್ಕು’ ಅಂತ ಇಟ್ಟರೆ ಏಜೆಂಟ್ ಅದನ್ನು ಒಡೆತನ ಅಂತ ಓದುತ್ತದೆ, ಪರೀಕ್ಷೆ ಮಾಡಿ ನೋಡಿದೆ. ‘ಬಳಕೆ’ ಅಂದರೆ ಕಾಡು ಕಡಿದು ಬಳಸಿದ ಹಾಗೆ ಕೇಳುತ್ತದೆ. ಭಾವನನ್ನು ಕೇಳಿದೆ.

“ಸೊಪ್ಪು ಅಂತ ಇಡು” ಅಂದರು.

“ಸೊಪ್ಪು ಅಂದ್ರೆ ತರಕಾರಿ ಅಂದ್ಕೊಳ್ಳುತ್ತೆ ಭಾವ.”

“ಹಂಗಾದ್ರೆ ಸಂಜೆ ನಿಮ್ಮಕ್ಕನ್ನ ಕೇಳು. ಬೆಟ್ಟಕ್ಕೆ ಹೋಗಿ ದರಗು ಹೊತ್ತೋಳು ಅವಳು.”